ಮೆಲುದನಿಯ ಗಿಟಾರ್ ಸಭೆಗೆ ಕೇಳಿಸಿದ್ದು ಹೇಗೆ?

ಸಂಗೀತ ವಾದ್ಯಗಳ ಅಂಗಡಿಗೆ ಹೋಗಿ ಗಿಟಾರ್ ಕೇಳಿದವರಿಗೆ ಬೆಲೆ ಹೇಳುವ ಮೊದಲೇ ಎದುರಾಗುವ ಪ್ರಶ್ನೆ ಒಂದುಂಟು: ‘ಬರೀ ಅಕೂಸ್ಟಿಕ್ ಸಾಕೋ, ಪಿಕಪ್ ಇರುವುದೇ ಬೇಕೋ?’ ನೋಡುವುದಕ್ಕೆ ಎರಡೂ ಒಂದೇ. ಅದೇ ಮರದ ಪೆಟ್ಟಿಗೆ, ಅದೇ ಆರು ತಂತಿ. ಎರಡನೆಯದರ ಪಕ್ಕದಲ್ಲಿ ಪುಟ್ಟದೊಂದು ಕಪ್ಪು ಫಲಕ, ಅದರಲ್ಲಿ ತಿರುಗಿಸುವ ಗುಂಡಿಗಳು, ತಳದಲ್ಲಿ ವೈರು ಸಿಕ್ಕಿಸುವ ತೂತು. ಬೆಲೆ ಮಾತ್ರ ಹೆಚ್ಚು. ಕಾಲೇಜು ವಾರ್ಷಿಕೋತ್ಸವದಲ್ಲಿ, ಚರ್ಚಿನ ಗಾಯನವೃಂದದಲ್ಲಿ, ಸುಗಮ ಸಂಗೀತದ ವೇದಿಕೆಯಲ್ಲಿ ನುಡಿಸಬೇಕೆಂಬ ಆಸೆ ಹೊತ್ತು, ಕೂಡಿಟ್ಟ ಹಣ ಎಣಿಸಿಕೊಂಡು ಬಂದ ಹುಡುಗ ಅಥವಾ ಹುಡುಗಿ ಅಲ್ಲಿ ಗೊಂದಲಕ್ಕೆ ಬೀಳುವುದು ಸಹಜ. ಆ ಪುಟ್ಟ ಫಲಕದ ಹಿಂದೆ ಸುಮಾರು ನೂರು ವರ್ಷಗಳ ಹೋರಾಟದ ಕಥೆಯೇ ಇದೆ. ಅದನ್ನು ತಿಳಿದರೆ ಹಣವನ್ನು ಯಾವುದಕ್ಕೆ ಹಾಕಬೇಕು ಎಂಬುದೂ ತಿಳಿಯುತ್ತದೆ.

ಹಲಗೆಯ ಗುಟ್ಟು

ಗಿಟಾರ್ ಮೂಲದಲ್ಲಿ ಮನೆಯೊಳಗಿನ ವಾದ್ಯ. ಒಂದು ಕೋಣೆ, ಹತ್ತಾರು ಕೇಳುಗರು, ಅಷ್ಟೇ ಅದರ ಸಾಮ್ರಾಜ್ಯ. ತಂತಿ ತೀರಾ ತೆಳುವಾದುದರಿಂದ ಅದು ಎಷ್ಟು ಕಂಪಿಸಿದರೂ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ತಂತಿಯ ಕಂಪನ ಕುದುರೆಯ ಮೂಲಕ ಮೇಲಿನ ಹಲಗೆಗೆ ಇಳಿಯಬೇಕು, ಆ ಅಗಲವಾದ ಹಲಗೆ ಗಾಳಿಯನ್ನು ತಳ್ಳಬೇಕು. ಆಗಲೇ ನಾದ. ಸ್ಪೇನಿನ ಅಲ್ಮೇರಿಯಾದ ಅಂತೋನಿಯೋ ದೆ ತೋರೆಸ್ (1817-1892) ಇಂದಿನ ಕ್ಲಾಸಿಕಲ್ ಗಿಟಾರಿಗೆ ಅದರ ಆಕಾರ ಕೊಟ್ಟ ಕುಶಲಕರ್ಮಿ. ಮೇಲಿನ ಹಲಗೆಯೇ ಎಲ್ಲಕ್ಕಿಂತ ಮುಖ್ಯ ಎಂದು ತೋರಿಸಲು ಆತ 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ, ಮೇಲುಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿ ಒಂದು ಗಿಟಾರ್ ತಯಾರಿಸಿದ. ಗಿಟಾರ್ ಕೊಳ್ಳುವವರು ಇಂದಿಗೂ ನೆನಪಿಡಬೇಕಾದ ಪಾಠ ಇದು.

ಕೇಳುಗರ ಗುಂಪು ದೊಡ್ಡದಾದಂತೆ ಗಿಟಾರಿನ ಹೊಟ್ಟೆಯೂ ದೊಡ್ಡದಾಯಿತು. 1833ರಲ್ಲಿ ಜರ್ಮನ್ ನಾಡಿನಿಂದ ಅಮೆರಿಕಕ್ಕೆ ವಲಸೆ ಹೋದ ಸಿ.ಎಫ್. ಮಾರ್ಟಿನ್ ಸ್ಥಾಪಿಸಿದ ಸಂಸ್ಥೆ, 1916ರಲ್ಲಿ ಡಿಟ್ಸನ್ ಎಂಬ ವ್ಯಾಪಾರಿ ಸಂಸ್ಥೆಗಾಗಿ ಅಗಲ ಸೊಂಟದ ದೊಡ್ಡ ಗಿಟಾರೊಂದನ್ನು ಮಾಡಿಕೊಟ್ಟಿತು. 1906ರ ಬ್ರಿಟಿಷ್ ಯುದ್ಧನೌಕೆಯ ನೆನಪಿನಲ್ಲಿ ಅದಕ್ಕೆ ‘ಡ್ರೆಡ್‌ನಾಟ್’ ಎಂದು ಹೆಸರಾಯಿತು. ಇಂದು ಅಂಗಡಿಗಳಲ್ಲಿ ತೂಗುವ ಅಗ್ಗದ ಗಿಟಾರುಗಳಲ್ಲಿ ಬಹುಪಾಲು ಇದೇ ಆಕಾರದವು. 1920ರ ದಶಕದಲ್ಲಿ ಕರುಳಿನ ತಂತಿಯ ಜಾಗಕ್ಕೆ ಉಕ್ಕಿನ ತಂತಿ ಬಂತು. 1927ರಲ್ಲಿ ಜಾನ್ ಡೊಪ್ಯೇರಾ ಮತ್ತು ಜಾರ್ಜ್ ಬೋಶಾಂ ಲೋಹದ ಮೈಯೊಳಗೆ ಅಲ್ಯೂಮಿನಿಯಂ ಶಂಕುಗಳನ್ನಿಟ್ಟ ‘ನ್ಯಾಷನಲ್’ ಗಿಟಾರನ್ನು ತಂದರು. ಇಷ್ಟೆಲ್ಲ ಆದರೂ ತುತ್ತೂರಿ, ಡ್ರಮ್ಮುಗಳ ನೃತ್ಯಮೇಳದಲ್ಲಿ ಗಿಟಾರ್‌ವಾದಕನ ಕೈ ಆಡುವುದು ಕಾಣುತ್ತಿತ್ತೇ ಹೊರತು ನಾದ ಕೇಳಿಸುತ್ತಿರಲಿಲ್ಲ.

ಆಯಸ್ಕಾಂತದ ಉಪಾಯ

ಕೊನೆಗೆ ಉತ್ತರ ವಿದ್ಯುತ್ತಿನಿಂದ ಬಂತು. ಅದೇ ಬೋಶಾಂ 1931ರ ಹೊತ್ತಿಗೆ ಆಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ ಬಳಸಿ ಪಿಕಪ್ ಒಂದನ್ನು ರೂಪಿಸಿದ. ಆಯಸ್ಕಾಂತದ ಸಮೀಪ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಅಷ್ಟೇ ವೇಗದಲ್ಲಿ ಏರಿಳಿಯುವ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಮರುವರ್ಷ ಮಾರಾಟಕ್ಕೆ ಬಂದ ಈ ರಿಕನ್‌ಬ್ಯಾಕರ್ ವಾದ್ಯವನ್ನು ಅದರ ಆಕಾರ ನೋಡಿ ಜನ ‘ಬಾಣಲೆ’ ಎಂದೇ ಕರೆದರು.

1936ರಲ್ಲಿ ಗಿಬ್ಸನ್ ಸಂಸ್ಥೆ ‘ಇಎಸ್-150’ ಗಿಟಾರನ್ನು ಹೊರತಂದಿತು. ಗಿಟಾರ್, ಆಂಪ್ಲಿಫೈಯರ್, ವೈರು ಎಲ್ಲ ಸೇರಿ ಸುಮಾರು 150 ಡಾಲರ್. ಹೆಸರಿನಲ್ಲಿರುವ ಸಂಖ್ಯೆ ಆ ಬೆಲೆಯನ್ನೇ ಸೂಚಿಸುತ್ತದೆ. ಚಾರ್ಲಿ ಕ್ರಿಶ್ಚಿಯನ್ ಎಂಬ ಕರಿಯ ಯುವಕ ಇದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ನನ ಜಾಝ್ ಮೇಳ ಸೇರಿದ. ಸ್ಯಾಕ್ಸಫೋನಿಗೆ ಸರಿಸಮನಾಗಿ ಗಿಟಾರ್ ಒಂಟಿಯಾಗಿ ಮಾತನಾಡಬಲ್ಲದು ಎಂದು ಜಗತ್ತು ಅರಿಯಿತು. 1942ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೈದೇ ವರ್ಷ.

ಆದರೆ ಇಲ್ಲೊಂದು ತೊಡಕಿತ್ತು. ಆಯಸ್ಕಾಂತಕ್ಕೆ ಗೊತ್ತಾಗುವುದು ಉಕ್ಕಿನ ತಂತಿಯ ಚಲನೆ ಮಾತ್ರ. ಮರದ ಹಲಗೆಯ ಉಸಿರು, ಒಡಲಿನ ಗುಂಗು ಅದಕ್ಕೆ ಕೇಳಿಸದು. ಹಾಗಾಗಿ ಎಲೆಕ್ಟ್ರಿಕ್ ಗಿಟಾರ್ ಬೇರೊಂದು ವಾದ್ಯವಾಗಿಯೇ ಬೆಳೆಯಿತು. ಮರದ ನಾದವನ್ನು ಮರದ ನಾದವಾಗಿಯೇ ಸಾವಿರ ಜನಕ್ಕೆ ಮುಟ್ಟಿಸುವ ಸಮಸ್ಯೆ ಹಾಗೇ ಉಳಿಯಿತು.

ಊಳಿಡುವ ಪೆಟ್ಟಿಗೆ

ಮೈಕು ಹಿಡಿದರಾಯಿತಲ್ಲ ಎನ್ನಬಹುದು. ಸ್ಟುಡಿಯೋದಲ್ಲಿ ಅದೇ ಉತ್ತಮ ಉಪಾಯ, ಇವತ್ತಿಗೂ. ವೇದಿಕೆಯಲ್ಲಿ ಮಾತ್ರ ತೊಂದರೆ. ಮದುವೆ ಮನೆಯಲ್ಲಿ ಮೈಕು ‘ಕುಂಯ್’ ಎಂದು ಕೂಗುವುದನ್ನು ಕೇಳದವರು ಯಾರು? ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಹಿಗ್ಗಿ, ಮತ್ತೆ ಸ್ಪೀಕರಿಗೆ ಬಂದು ಸುತ್ತುತ್ತಲೇ ಇರುವುದೇ ಇದಕ್ಕೆ ಕಾರಣ. ಇದೇ ಫೀಡ್‌ಬ್ಯಾಕ್. ಗಿಟಾರಿನಲ್ಲಿ ಇದು ಇನ್ನೂ ಜಾಸ್ತಿ. ಏಕೆಂದರೆ ಸ್ಪೀಕರಿನ ಸದ್ದು ಬಡಿದರೆ ಅದರ ಹಲಗೆಯೂ, ಒಳಗಿನ ಗಾಳಿಯೂ ತಾವಾಗಿಯೇ ಕಂಪಿಸತೊಡಗುತ್ತವೆ. ಹಲಗೆ ಎಷ್ಟು ಚುರುಕೋ ಊಳು ಅಷ್ಟು ಬೇಗ. ಒಳ್ಳೆಯ ಗಿಟಾರಿನ ಗುಣವೇ ವೇದಿಕೆಯಲ್ಲಿ ದೋಷವಾಗುತ್ತದೆ!

1954ರಲ್ಲಿ ಗಿಬ್ಸನ್ ತಂದ ‘ಜೆ-160ಇ’ ಗಿಟಾರಿನಲ್ಲಿ ಇದಕ್ಕೆ ವಿಚಿತ್ರ ಪರಿಹಾರವಿತ್ತು. ಅದು ದುಬಾರಿ ಗಿಟಾರ್. ಆದರೂ ಮೇಲುಹಲಗೆಯನ್ನು ಬೇಕೆಂದೇ ಪ್ಲೈವುಡ್ಡಿನಿಂದ ಮಾಡಿದ್ದರು. ಹಲಗೆ ಮೊಂಡಾದರೆ ಕೂಗಾಟ ಕಡಿಮೆ ಎಂಬ ಲೆಕ್ಕ. 1962ರಲ್ಲಿ ಲಿವರ್‌ಪೂಲಿನ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ತಲಾ ಸುಮಾರು 160 ಪೌಂಡ್ ಬೆಲೆಯ ಇಂಥ ಜೋಡಿ ಗಿಟಾರುಗಳನ್ನು ಕೊಂಡರು. ಬೀಟಲ್ಸ್ ತಂಡದ ಆರಂಭದ ಹಾಡುಗಳಲ್ಲಿ ಅವುಗಳ ನಾದವಿದೆ. 1964ರಲ್ಲಿ ‘ಐ ಫೀಲ್ ಫೈನ್’ ಹಾಡಿನ ಆರಂಭಕ್ಕೆ ಲೆನನ್ ಆ ಊಳನ್ನೇ ಬೇಕೆಂದು ಸೇರಿಸಿದ. ಅಲ್ಲಿಯವರೆಗೆ ತಪ್ಪು ಎನಿಸಿಕೊಂಡಿದ್ದುದು ಅಲ್ಲಿ ಅಲಂಕಾರವಾಯಿತು. 1963ರಲ್ಲಿ ಕಳೆದುಹೋಗಿದ್ದ ಲೆನನ್ನನ ಗಿಟಾರ್ ದಶಕಗಳ ನಂತರ ಪತ್ತೆಯಾಗಿ 2015ರ ಹರಾಜಿನಲ್ಲಿ 24 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಪ್ಲೈವುಡ್ ಎಂದರೆ ಮೂಗು ಮುರಿಯುವವರು ಇದನ್ನು ನೆನೆಯಬೇಕು.

ಒತ್ತಡಕ್ಕೆ ಮಿಡಿಯುವ ಕಲ್ಲು

ಸಮಸ್ಯೆಗೆ ಕೀಲಿಕೈ ಸಿಕ್ಕಿದ್ದು ಸಂಗೀತದಿಂದ ದೂರದ ಪ್ರಯೋಗಶಾಲೆಯಲ್ಲಿ. 1880ರಲ್ಲಿ ಫ್ರಾನ್ಸಿನ ಸೋದರರಾದ ಜಾಕ್ ಮತ್ತು ಪಿಯರ್ ಕ್ಯೂರಿ, ಕ್ವಾರ್ಟ್ಜ್‌ನಂಥ ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುದಂಶ ಹುಟ್ಟುತ್ತದೆ ಎಂದು ಕಂಡುಹಿಡಿದಿದ್ದರು. ಇದಕ್ಕೆ ‘ಪೀಜೋ’ ಪರಿಣಾಮ ಎಂದು ಹೆಸರು. ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಸುವ ‘ಟಿಕ್’ ಲೈಟರಿನಲ್ಲಿ ಕಿಡಿ ಹಾರುವುದೂ ಇದರಿಂದಲೇ. ಗಿಟಾರಿನ ಕುದುರೆಯ ಮೇಲೆ ತಂತಿಗಳು ಕೂರುವ ಎಲುಬಿನ ಪಟ್ಟಿಯ ಅಡಿಯಲ್ಲಿ ಇಂಥ ವಸ್ತುವಿನ ತೆಳು ಪಟ್ಟಿಯೊಂದನ್ನಿಟ್ಟರೆ, ಕಂಪನದ ಪ್ರತಿಯೊಂದು ಒತ್ತೂ ವಿದ್ಯುತ್ತಾಗುತ್ತದೆ. ಆಯಸ್ಕಾಂತ ಬೇಡ, ಉಕ್ಕಿನ ತಂತಿಯೇ ಆಗಬೇಕೆಂದಿಲ್ಲ, ನೈಲಾನ್ ತಂತಿಯೂ ನಡೆಯುತ್ತದೆ. ಸುತ್ತಲಿನ ಗಾಳಿಯ ಸದ್ದಿಗೆ ಅದು ಮೈಕಿನಷ್ಟು ಬೇಗ ಮರುಳಾಗುವುದಿಲ್ಲ.

ಇದನ್ನು ಜನಪ್ರಿಯಗೊಳಿಸಿದವನು ಹೆಲಿಕಾಪ್ಟರ್ ತಯಾರಿಸುತ್ತಿದ್ದ ಅಮೆರಿಕದ ಚಾರ್ಲ್ಸ್ ಕಾಮನ್. ಗಿಟಾರಿನ ಹುಚ್ಚಿದ್ದ ಆತ 1960ರ ದಶಕದ ನಡುವಿನಲ್ಲಿ ‘ಓವೇಷನ್’ ಗಿಟಾರ್ ಆರಂಭಿಸಿದ. ಅದರ ಬೆನ್ನು ಮರದ್ದಲ್ಲ, ಗಾಜಿನ ನಾರಿನಿಂದ ಮಾಡಿದ ಬೋಗುಣಿಯಂಥದು. ತೋರೆಸ್‌ನ ರಟ್ಟಿನ ಗಿಟಾರಿನ ಮರಿಮಗ ಎನ್ನಬಹುದು. ಆ ದಶಕದ ಕೊನೆಯಲ್ಲಿ ಅದರ ಕುದುರೆಯೊಳಗೆ ಪೀಜೋ ಪಿಕಪ್ ಬಂತು. 1969ರಲ್ಲಿ ಆರಂಭವಾದ ತನ್ನ ಟೀವಿ ಕಾರ್ಯಕ್ರಮದಲ್ಲಿ ಗ್ಲೆನ್ ಕ್ಯಾಂಪ್‌ಬೆಲ್ ಓವೇಷನ್ ನುಡಿಸುತ್ತಿದ್ದುದನ್ನು ಅಮೆರಿಕದ ಮನೆಮನೆಯಲ್ಲಿ ನೋಡಿದರು. 1970ರ ದಶಕದ ಕೊನೆಗೆ ಜಪಾನಿನ ತಕಮಿನೆ ಸಂಸ್ಥೆಯೂ ತನ್ನದೇ ಪಿಕಪ್ ತಂದಿತು.

ಪೀಜೋದ ವಿದ್ಯುತ್ ತೀರಾ ದುರ್ಬಲ. ಅದನ್ನು ಉದ್ದನೆಯ ವೈರಿನಲ್ಲಿ ಸಾಗಿಸುವ ಮುನ್ನ ಬಲಪಡಿಸಬೇಕು. ಗಿಟಾರಿನ ಪಕ್ಕದ ಕಪ್ಪು ಫಲಕದ ಕೆಲಸ ಅದೇ. ಸಾಮಾನ್ಯವಾಗಿ ಅದರೊಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಅಗ್ಗದ ಪೀಜೋದಲ್ಲಿ ಜೋರಾಗಿ ಮೀಟಿದಾಗ ನಾದ ಬಾತುಕೋಳಿಯ ಕೂಗಿನಂತೆ ಒಣಗುವುದುಂಟು ಎಂಬುದು ಅದರ ಮೇಲಿನ ದೂರು.

ಕೈಗೆಟುಕಿದ ಗಿಟಾರ್

ತಂತ್ರಜ್ಞಾನ ಬಂದರಾಯಿತೇ, ಕೊಳ್ಳುವವರ ಕೈಗೆಟುಕಬೇಡವೇ? ಅಮೆರಿಕದಲ್ಲಿ ಸಿಯರ್ಸ್ ಎಂಬ ಅಂಚೆ ವ್ಯಾಪಾರದ ಸಂಸ್ಥೆ 1916ರಲ್ಲಿ ಶಿಕಾಗೋದ ಹಾರ್ಮನಿ ಕಾರ್ಖಾನೆಯನ್ನೇ ಕೊಂಡು, ಹಳ್ಳಿಹಳ್ಳಿಯ ಮನೆಗೆ ಅಗ್ಗದ ಗಿಟಾರ್ ಕಳಿಸಿತು. 1946ರಲ್ಲಿ ಟ್ಯುಪೆಲೊ ಎಂಬ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ತಾಯಿ ಕೊಡಿಸಿದ, ಹತ್ತು ಡಾಲರಿಗೂ ಕಡಿಮೆ ಬೆಲೆಯ ಗಿಟಾರೇ ಎಲ್ವಿಸ್ ಪ್ರೀಸ್ಲಿಯ ಮೊದಲ ವಾದ್ಯ.

ಮುಂದಿನ ಹೆಜ್ಜೆ ಜಪಾನಿನದು. 1887ರಲ್ಲಿ ಹಮಮತ್ಸು ಊರಿನ ಶಾಲೆಯ ಹಾರ್ಮೋನಿಯಂ ರೀತಿಯ ಆರ್ಗನ್ ರಿಪೇರಿಯಿಂದ ಶುರುವಾದ ಯಮಾಹಾ ಸಂಸ್ಥೆ, 1966ರಲ್ಲಿ ‘ಎಫ್‌ಜಿ’ ಸರಣಿಯ ಗಿಟಾರುಗಳನ್ನು ಬಿಡುಗಡೆ ಮಾಡಿತು. ಎಫ್‌ಜಿ ಎಂದರೆ ಫೋಕ್ ಗಿಟಾರ್. ಪ್ಲೈವುಡ್ ಹಲಗೆ, ಅಚ್ಚುಕಟ್ಟಾದ ಕೆಲಸ, ಸಾಧಾರಣ ಬೆಲೆ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಕಂಟ್ರಿ ಜೋ ಮೆಕ್‌ಡೊನಾಲ್ಡ್ ಲಕ್ಷಾಂತರ ಜನರೆದುರು ಒಬ್ಬನೇ ನಿಂತು ಹಾಡಿದ್ದು ಇಂಥದೇ ಒಂದು ‘ಎಫ್‌ಜಿ-150’ ಹಿಡಿದು. ಮುಂದೆ ತಯಾರಿಕೆ ತೈವಾನ್, ಕೊರಿಯಾ, ಇಂಡೊನೇಷ್ಯಾ, ಚೀನಾಗಳಿಗೆ ಹರಡಿತು. ಪಿಕಪ್ ಮತ್ತು ಫಲಕ ಸಾಮಾನ್ಯರ ಗಿಟಾರಿಗೂ ಇಳಿದವು.

ಈ ಕಥೆಗೆ ಮಲೆನಾಡಿನ ನಂಟೂ ಇದೆ. ದುಬಾರಿ ಗಿಟಾರುಗಳ ಬೆನ್ನಿಗೆ ಬಳಕೆಯಾಗುತ್ತಿದ್ದ ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಅದೇ ಬೀಟೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಮರ. ಅಳಿವಿನ ಭೀತಿಯಿಂದ 2017ರಲ್ಲಿ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಅಗ್ಗದ ಗಿಟಾರಿನಲ್ಲಿ ಪ್ಲೈವುಡ್ ಇರುವುದಕ್ಕೆ ಬೆಲೆ ಒಂದೇ ಕಾರಣವಲ್ಲ. ಒಳ್ಳೆಯ ಮರ ಕಾಡಿನಲ್ಲೇ ಕಡಿಮೆಯಾಗಿದೆ.

1989ರಲ್ಲಿ ಆರಂಭವಾದ ಎಂಟೀವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಮರದ ಗಿಟಾರಿಗೆ ಹೊಸ ಮೆರುಗು ಕೊಟ್ಟಿತು. ಹೆಸರಿಗೆ ‘ವೈರು ಕಿತ್ತದ್ದು’. ಆದರೆ 1993ರಲ್ಲಿ ಕರ್ಟ್ ಕೊಬೇನ್ ಅಲ್ಲಿ ನುಡಿಸಿದ ಗಿಟಾರ್ 1959ರ ಮಾರ್ಟಿನ್ ‘ಡಿ-18ಇ’, ಕಾರ್ಖಾನೆಯಲ್ಲೇ ಪಿಕಪ್ ಕೂರಿಸಿದ್ದು. ಕನ್ನಡದಲ್ಲೂ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಡನೆ ದೊಡ್ಡ ವೇದಿಕೆಗಳಿಗೆ ಒಯ್ದರು. ಏಕತಾರಿಯ ಪದ ಸಾವಿರಾರು ಜನಕ್ಕೆ ತಲುಪಬೇಕಾದರೆ ವೈರು ಬೇಕೇ ಬೇಕು.

ಕೊಳ್ಳುವ ಮುನ್ನ

ಚರಿತ್ರೆಯಿಂದ ಕೊಳ್ಳುವವರಿಗೆ ಸಿಗುವ ಬುದ್ಧಿಮಾತು ಸರಳ. ಮೊದಲು ಗಿಟಾರ್, ಆಮೇಲೆ ಪಿಕಪ್. ವೈರು ಸಿಕ್ಕಿಸದೆ ನುಡಿಸಿದಾಗ ಹಿತವಾಗಿ ಕೇಳದ ಗಿಟಾರ್, ಸಿಕ್ಕಿಸಿದ ಮೇಲೆ ಹಿತವಾಗುವುದಿಲ್ಲ. ಕತ್ತು ನೆಟ್ಟಗಿದೆಯೇ, ತಂತಿ ಒತ್ತಲು ಬೆರಳು ನೋಯುವಷ್ಟು ಎತ್ತರದಲ್ಲಿದೆಯೇ, ಬಿರಡೆ ಜಾರುತ್ತದೆಯೇ ಎಂದು ನೋಡಬೇಕು. ಒಳ್ಳೆಯ ಗಿಟಾರ್ ಕೈಗಿದ್ದರೆ ಪಿಕಪ್ಪನ್ನು ಆಮೇಲೂ ಕೂರಿಸಬಹುದು. ಉಕ್ಕಿನ ತಂತಿಯಾದರೆ ಹೊಟ್ಟೆಯ ರಂಧ್ರಕ್ಕೆ ಸಿಕ್ಕಿಸುವ ಆಯಸ್ಕಾಂತದ ಪಿಕಪ್ಪೂ ಆದೀತು. ಮನೆಯಲ್ಲಿ ನುಡಿಸುವವರಿಗೆ ಇಡೀ ಮರದ ಮೇಲುಹಲಗೆ ಚೆಂದ. ವೇದಿಕೆ ಹತ್ತುವವರಿಗೆ, ಕರಾವಳಿಯ ಮಳೆಗಾಲದ ತೇವದಲ್ಲಿ ಗಿಟಾರ್ ಇಟ್ಟುಕೊಳ್ಳುವವರಿಗೆ ಪ್ಲೈವುಡ್ ಹಲಗೆ ಅವಮಾನವಲ್ಲ, ಅನುಕೂಲ.

ಪಿಕಪ್ ಇರುವುದನ್ನೇ ಕೊಳ್ಳುವುದಾದರೆ ಅಂಗಡಿಯಲ್ಲೇ ವೈರು ಸಿಕ್ಕಿಸಿ ಕೇಳಬೇಕು. ಆರೂ ತಂತಿ ಸಮನಾಗಿ ಕೇಳುತ್ತವೆಯೇ ಎಂದು ಒಂದೊಂದನ್ನೇ ಮೀಟಬೇಕು. ಊಳು ಬಂದರೆ ಸ್ಪೀಕರಿನ ಎದುರಿನಿಂದ ಸರಿದು ನಿಲ್ಲುವುದು, ಮಂದ್ರದ ಗುಂಡಿಯನ್ನು ಸ್ವಲ್ಪ ಇಳಿಸುವುದು, ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕುವುದು, ಇವು ಹೆಚ್ಚು ಖರ್ಚಿಲ್ಲದ ಮದ್ದುಗಳು. ಕಾರ್ಯಕ್ರಮದ ದಿನ ಜೇಬಿನಲ್ಲೊಂದು ಹೊಸ ಬ್ಯಾಟರಿ ಇರಲಿ.

ತೋರೆಸ್ ಕಾಗದದ ರಟ್ಟಿನಿಂದ ಹೇಳಿದ್ದನ್ನೇ ಗಾಜಿನ ನಾರು, ಪ್ಲೈವುಡ್ಡುಗಳೂ ಹೇಳಿವೆ. ಗಿಟಾರಿನ ನಾದ ಬೆಲೆಯ ಚೀಟಿಯಲ್ಲಿಲ್ಲ. ಅದನ್ನು ಹಿಗ್ಗಿಸುವ ವಿದ್ಯೆ ಇಂದು ಹಳ್ಳಿಯ ಹುಡುಗನ ಕೈಗೂ ಎಟುಕಿದೆ. ಹಿಗ್ಗಿಸುವುದಕ್ಕೆ ಒಳಗೆ ಹಾಡೊಂದಿರಬೇಕು, ಅಷ್ಟೇ.