ಗೇಟಿನ ಪಕ್ಕ ನಿಂತ ಅಜ್ಜಿಯರು

ಬೆಳಗಿನ ಜಾವ ನಾಲ್ಕೂವರೆ ಗಂಟೆ. ಊರು ಬೆತ್ಲೆಹೆಮ್. ಹೌದು, ಏಸು ಹುಟ್ಟಿದ ಅದೇ ಊರು. ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ, ಅದರ ಪಕ್ಕದಲ್ಲಿ ಕಬ್ಬಿಣದ ಸರಳುಗಳ ಉದ್ದನೆಯ ಓಣಿ. ಆ ಓಣಿಯೊಳಗೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತ ಗಂಡಸರು. ಗಾರೆಯವರು, ಬಡಗಿಗಳು, ಕೂಲಿಯವರು. ಜೆರುಸಲೇಂ ಇಲ್ಲಿಂದ ಹತ್ತು ಕಿಲೋಮೀಟರ್ ಕೂಡ ಇಲ್ಲ. ಆದರೂ ಏಳು ಗಂಟೆಯ ಕೆಲಸಕ್ಕೆ ಇವರು ನಡುರಾತ್ರಿ ದಾಟುವಾಗಲೇ ಮನೆ ಬಿಡಬೇಕು. ಯಾಕೆ ಅಂದ್ರೆ ಮುಂದೆ ಇರೋದು ಚೆಕ್‌ಪಾಯಿಂಟ್ 300.

ಗೇಟಿನ ಆಚೆ ಬದಿಯಲ್ಲಿ ಇಬ್ಬರು ಹೆಂಗಸರು ನಿಂತಿದ್ದಾರೆ. ತಲೆಗೂದಲು ನರೆತಿದೆ. ಎದೆಯ ಮೇಲೆ ಕಣ್ಣಿನ ಚಿತ್ರವಿರೋ ಒಂದು ಬ್ಯಾಡ್ಜು, ಕೈಯಲ್ಲಿ ನೋಟ್‌ಬುಕ್ಕು. ಎಷ್ಟು ಗಂಟೆಗೆ ಗೇಟು ತೆರೆಯಿತು, ಎಷ್ಟು ಕಿಟಕಿಗಳಲ್ಲಿ ಸಿಬ್ಬಂದಿ ಇದ್ದಾರೆ, ಯಾರನ್ನು ವಾಪಸ್ ಕಳಿಸಿದರು, ಎಲ್ಲ ಬರೆದುಕೊಳ್ತಿದ್ದಾರೆ. ಇವರು ಪತ್ರಕರ್ತರಲ್ಲ, ವಿದೇಶಿ ಸಂಸ್ಥೆಯವರೂ ಅಲ್ಲ. ಆ ಗೇಟು ಹಾಕಿದ ದೇಶದ ಪ್ರಜೆಗಳೇ, ಇಸ್ರೇಲಿನ ಹೆಂಗಸರು. ಇವರಲ್ಲಿ ಎಷ್ಟೋ ಜನರ ಮಕ್ಕಳು, ಮೊಮ್ಮಕ್ಕಳು ಅದೇ ಸೈನ್ಯದ ಸಮವಸ್ತ್ರ ಹಾಕಿದವರು.

2023ರ ಅಕ್ಟೋಬರ್ ನಂತರ ನಾನು ಸ್ಟುಡಿಯೋದಲ್ಲಿ ಕೂತು ಗಾಜಾ ಯುದ್ಧದ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೇನೆ. ರಾಕೆಟ್, ಹೊಗೆ, ಮ್ಯಾಪಿನ ಮೇಲೆ ಕೆಂಪು ಬಾಣ. ಒಂದು ದಿನ ಒಬ್ಬ ವೀಕ್ಷಕರು ಕೇಳಿದರು: 'ಯುದ್ಧ ಇಲ್ಲದ ದಿನ ಅಲ್ಲಿಯ ಜನ ಹೇಗೆ ಬದುಕ್ತಾರೆ ಸಾರ್?' ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿಕೊಂಡು ಹೋದಾಗ ಸಿಕ್ಕವರು ಈ ಹೆಂಗಸರು.

ಸ್ವಲ್ಪ ಹಿಂದಕ್ಕೆ ಹೋಗೋಣ. 1967ರ ಜೂನ್. ಆರೇ ದಿನದ ಯುದ್ಧದಲ್ಲಿ ವೆಸ್ಟ್ ಬ್ಯಾಂಕ್ ಮತ್ತು ಗಾಜಾ ಇಸ್ರೇಲ್ ಕೈಗೆ ಬಂದವು. 1972ರಲ್ಲಿ ಅಲ್ಲಿಯ ಪ್ಯಾಲೆಸ್ತೀನಿಯರಿಗೆ ಇಸ್ರೇಲ್ ಒಂದು ಸಾಮಾನ್ಯ ಪರವಾನಗಿ ಕೊಟ್ಟಿತು. ರಾತ್ರಿ ಒಂದರಿಂದ ಐದು ಗಂಟೆಯ ಅವಧಿ ಬಿಟ್ಟು ಉಳಿದ ಹೊತ್ತಲ್ಲಿ ಇಸ್ರೇಲಿಗೆ ಹೋಗಿ ಬರಬಹುದು. ಕೂಲಿಗೆ, ಆಸ್ಪತ್ರೆಗೆ, ಸಮುದ್ರ ನೋಡೋದಕ್ಕೂ ಜನ ಹೋಗ್ತಿದ್ರು. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ಹೊತ್ತಿಗೆ, ಅದು ರದ್ದಾಯಿತು. ಇನ್ನು ಮುಂದೆ ಪ್ರತಿಯೊಬ್ಬನಿಗೂ ಪ್ರತ್ಯೇಕ ಪರ್ಮಿಟ್. 1993ರ ಮಾರ್ಚ್‌ನಲ್ಲಿ ಸಾರ್ವತ್ರಿಕ ನಿರ್ಬಂಧ ಬಂತು.

ಗಮನಿಸಿ, ಅದೇ 1993ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ರಬಿನ್ ಮತ್ತು ಅರಾಫತ್ ಕೈ ಕುಲುಕಿದ್ದು. ಜಗತ್ತು ಆ ಹಸ್ತಲಾಘವದ ಫೋಟೋ ನೋಡ್ತಿತ್ತು. ಅಲ್ಲಿ ಗೇಟುಗಳು ಒಂದೊಂದಾಗಿ ಮುಚ್ತಿದ್ವು.

2000ದ ಸೆಪ್ಟೆಂಬರ್‌ನಲ್ಲಿ ಎರಡನೇ ಇಂತಿಫಾದಾ ಶುರುವಾಯಿತು. ಇಸ್ರೇಲಿನ ಬಸ್ಸು, ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು. 2002ರ ಮಾರ್ಚ್‌ನಲ್ಲಿ ನೆತಾನ್ಯಾದ ಪಾರ್ಕ್ ಹೋಟೆಲಿನಲ್ಲಿ ಹಬ್ಬದೂಟಕ್ಕೆ ಕೂತಿದ್ದ 30 ಜನ ಸತ್ತರು. 'ತಪಾಸಣೆ ಇಲ್ಲದಿದ್ರೆ ನಮ್ಮ ಮಕ್ಕಳು ಸಾಯ್ತಾರೆ' ಅಂತ ಇಸ್ರೇಲಿಗಳು ಹೇಳಿದ್ದರಲ್ಲಿ ನಾಟಕ ಇರಲಿಲ್ಲ. ಆ ಭಯ ನಿಜ.

ಈ ರಕ್ತಪಾತದ ನಡುವೆಯೇ, 2001ರ ಆರಂಭದಲ್ಲಿ, ರೋನಿ ಯೇಗರ್, ಆದಿ ಕುಂತ್ಸ್‌ಮನ್, ಯೆಹೂದಿತ್ ಕೆಶೆತ್ ಎಂಬ ಮೂವರು ಸೇರಿ ಒಂದು ಗುಂಪು ಕಟ್ಟಿದರು. ಹೆಸರು ಮಖ್ಸೋಂ ವಾಚ್. ಮಖ್ಸೋಂ ಅಂದ್ರೆ ಹೀಬ್ರೂ ಭಾಷೆಯಲ್ಲಿ ತಡೆಗೇಟು. ಸದಸ್ಯರೆಲ್ಲ ಹೆಂಗಸರೇ. ಮೂವರಿಂದ ಶುರುವಾದದ್ದು ಕೆಲವೇ ವರ್ಷಗಳಲ್ಲಿ ನೂರಾರು ಜನರಾಯಿತು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ನೋಡೋದು, ಬರೆಯೋದು, ಪ್ರಕಟಿಸೋದು. ಇಷ್ಟೇ ಕೆಲಸ.

ಅವರು ಎತ್ತಿದ ಪ್ರಶ್ನೆ ತುಂಬಾ ಸರಳ. ಇಸ್ರೇಲಿನ ಗಡಿಯಲ್ಲಿ ತಪಾಸಣೆ ಮಾಡ್ತೀರಿ, ಸರಿ. ಆದರೆ ಹುವಾರಾ, ಬೈತ್ ಇಬಾ ಚೆಕ್‌ಪಾಯಿಂಟ್‌ಗಳು ಇದ್ದದ್ದು ಗಡಿಯಲ್ಲಲ್ಲ. ವೆಸ್ಟ್ ಬ್ಯಾಂಕಿನ ಒಳಗೆ, ನಾಬ್ಲಸ್ ನಗರದ ಬಾಗಿಲಲ್ಲಿ. ಪ್ಯಾಲೆಸ್ತೀನಿ ಹಳ್ಳಿಯವನು ಪ್ಯಾಲೆಸ್ತೀನಿ ಪೇಟೆಗೆ ಹೋಗೋದಕ್ಕೂ ಸೈನಿಕನ ಒಪ್ಪಿಗೆ ಬೇಕಾಗಿತ್ತು. ವಿದ್ಯಾರ್ಥಿ ಕಾಲೇಜಿಗೆ, ಬಸುರಿ ಹೆರಿಗೆಗೆ, ರೈತ ಮಾರುಕಟ್ಟೆಗೆ ಹೋಗಬೇಕಾದರೂ ಅದೇ ಸಾಲು. ಇಂತಿಫಾದಾ ಶುರುವಾದ ಮೇಲಿನ ಕೆಲವೇ ವರ್ಷಗಳಲ್ಲಿ 69 ಹೆರಿಗೆಗಳು ಚೆಕ್‌ಪಾಯಿಂಟ್‌ಗಳಲ್ಲೇ ಆದವು ಅಂತ ಪ್ಯಾಲೆಸ್ತೀನಿ ಆರೋಗ್ಯ ಇಲಾಖೆಯ ಲೆಕ್ಕ ವಿಶ್ವಸಂಸ್ಥೆಯ ವರದಿಯಲ್ಲಿದೆ.

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಅಳತೆ. ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗುವ ಗೇಟು ಇರುತ್ತಲ್ಲ, ಇಸ್ರೇಲಿನೊಳಗೆ ಅದರ ಕೈಗಳ ಉದ್ದ ಸಾಮಾನ್ಯವಾಗಿ 75ರಿಂದ 90 ಸೆಂಟಿಮೀಟರ್. ಚೆಕ್‌ಪಾಯಿಂಟಿನ ಗೇಟುಗಳಿಗೆ 55 ಸೆಂಟಿಮೀಟರ್ ಇಡಿಸಿದ್ದರು ಅಂತ ಇಸ್ರೇಲಿ ವಾಸ್ತುಶಿಲ್ಪಿ ಎಯಾಲ್ ವೈಜ್‌ಮನ್ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಚೀಲ ಹಿಡಿದವನು, ದಪ್ಪಗಿರೋ ಹೆಂಗಸು, ಮಗು ಎತ್ತಿಕೊಂಡ ತಾಯಿ, ಎಲ್ಲರೂ ಅಲ್ಲಿ ಸಿಕ್ಕಿಕೊಳ್ಳಬೇಕು. ಒಂದು ಡ್ರಾಯಿಂಗ್ ಶೀಟಿನಲ್ಲಿ ಯಾರೋ ಒಬ್ಬ ಕೂತು ಆ ಸಂಖ್ಯೆ ಬರೆದಿರ್ತಾನೆ ಅಲ್ವಾ? ನನ್ನಂಥದ್ದೇ ಡಿಗ್ರಿ ಇದ್ದವನು. ಅವನ ಬಗ್ಗೆ ನಾನು ತುಂಬಾ ಹೊತ್ತು ಯೋಚಿಸಿದೆ.

ಗೇಟು ಕಣ್ಣಿಗೆ ಕಾಣುತ್ತೆ. ಪರ್ಮಿಟ್ ಕಚೇರಿ ಹಾಗಲ್ಲ. ಎತ್ಸಿಯೋನ್‌ನಂಥ ಸೇನಾ ಕಚೇರಿಗಳಲ್ಲಿ ಬೆಳಗಿನಿಂದ ಕಾದವನಿಗೆ ಕೊನೆಗೆ ಕಿಟಕಿಯಿಂದ ಸಿಗೋ ಉತ್ತರ: 'ನಿನಗೆ ನಿಷೇಧ ಇದೆ'. ಯಾಕೆ? 'ಭದ್ರತಾ ಕಾರಣ'. ಯಾವ ಕಾರಣ? ಅದನ್ನು ಹೇಳೋದಿಲ್ಲ. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಈ ಹೆಂಗಸರು ಅಲ್ಲೂ ಹೋಗಿ ಕೂತರು. ಅರ್ಜಿ ಬರೆದುಕೊಟ್ಟರು, ವಕೀಲರನ್ನು ಹುಡುಕಿದರು. ಕೆಲವರ ನಿಷೇಧ ಮೇಲ್ಮನವಿ ಹಾಕಿದ ಮೇಲೆ ರದ್ದಾಯಿತು. ಹಾಗಾದರೆ ಆ ಮನುಷ್ಯ ನಿನ್ನೆ ಅಪಾಯಕಾರಿ, ಇವತ್ತು ಅಲ್ವಾ?

2004ರ ನವೆಂಬರ್‌ನಲ್ಲಿ ಬೈತ್ ಇಬಾದಲ್ಲಿ ಇವರಲ್ಲೊಬ್ಬರು ಒಂದು ಸಣ್ಣ ವಿಡಿಯೋ ತೆಗೆದರು. ಒಬ್ಬ ಪ್ಯಾಲೆಸ್ತೀನಿ ಯುವಕ ಸೈನಿಕರ ಎದುರು ನಿಂತು ಪಿಟೀಲು ನುಡಿಸ್ತಿದ್ದಾನೆ. ಹಿಂದೆ ಜನರ ಸಾಲು. ಸೈನಿಕರೇ ನುಡಿಸು ಅಂದ್ರು ಅಂತ ಅವನು ಹೇಳಿದ. ಅವನಾಗಿಯೇ ನುಡಿಸಿದ ಅಂತ ಆಮೇಲೆ ಸೇನೆ ಹೇಳಿತು. ವಿಡಿಯೋ ಬಂದಾಗ ಇಸ್ರೇಲ್ ಬೆಚ್ಚಿತು. ಯಾಕೆ ಅಂತ ಯಹೂದಿಯರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾಜಿ ಶಿಬಿರಗಳಲ್ಲಿ ಅವರ ಹಿರಿಯರಿಂದಲೂ ಹೀಗೇ ವಾದ್ಯ ನುಡಿಸಿದ್ದರು.

ಸ್ವಂತ ದೇಶದಲ್ಲಿ ಇವರಿಗೆ ಹೂಮಾಲೆ ಸಿಗಲಿಲ್ಲ. ದ್ರೋಹಿಗಳು ಅಂದ್ರು, ಉಗಿದರು. ಗುಂಪಿನ ಒಳಗೂ ಜಗಳ ಇತ್ತು. ತಡೆದು ನಿಲ್ಲಿಸಿದವನ ಪರವಾಗಿ ಅಧಿಕಾರಿಗೆ ಫೋನ್ ಮಾಡಬೇಕಾ, ಬರೀ ಬರೆದುಕೊಳ್ಳಬೇಕಾ? ಫೋನ್ ಮಾಡಿದ್ರೆ ಒಬ್ಬ ಮನೆಗೆ ಹೋಗ್ತಾನೆ. ಆದರೆ ಗೇಟು ಸ್ವಲ್ಪ ಸುಧಾರಿಸಿದ ಹಾಗೆ ಕಂಡು ಇನ್ನೂ ಗಟ್ಟಿಯಾಗುತ್ತೆ. 2019ರಲ್ಲಿ ಕಲಂದಿಯಾದಲ್ಲಿ ಹೊಸ ಎಲೆಕ್ಟ್ರಾನಿಕ್ ಗೇಟು ಬಂತು, ಸಾಲು ಕರಗಿತು. ಒಳ್ಳೆಯದೇ. ಆದರೆ ಪರ್ಮಿಟ್ ಇಲ್ಲದವನಿಗೆ ಆ ವೇಗದಿಂದ ಏನು ಲಾಭ?

2023ರ ಅಕ್ಟೋಬರ್ 7. ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಆಮೇಲೆ ಗಾಜಾದಲ್ಲಿ ಆದದ್ದು ನಿಮಗೆ ಗೊತ್ತು. ಗೊತ್ತಿಲ್ಲದೇ ಹೋದದ್ದು ಇನ್ನೊಂದು: ವೆಸ್ಟ್ ಬ್ಯಾಂಕಿನ ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಪರ್ಮಿಟ್‌ಗಳು ಒಮ್ಮೆಲೇ ಅಮಾನತಾದವು. ಆ ನಾಲ್ಕೂವರೆ ಗಂಟೆಯ ಸಾಲೂ ಇಲ್ಲವಾಯಿತು. ನನ್ನ ಬುಲೆಟಿನ್‌ನಲ್ಲಿ ಆ ಸುದ್ದಿ ಹೋಗಲಿಲ್ಲ. ಡೆಸ್ಕಿನವರು 'ವಿಷುವಲ್ ಇಲ್ಲ ಸಾರ್' ಅಂದ್ರು. ನಾನೂ 'ಬಿಡಿ' ಅಂದೆ.

ಕಾಯೋದಕ್ಕೆ ವಿಷುವಲ್ ಇರೋದಿಲ್ಲ. ಒಬ್ಬ ಮೂರು ಗಂಟೆ ನಿಂತ, ಕೂಲಿ ಕಳಕೊಂಡ, ವಾಪಸ್ ಹೋದ. ಇದನ್ನು ತೋರಿಸೋದು ಹೇಗೆ? ಆ ಅಜ್ಜಿಯರ ನೋಟ್‌ಬುಕ್ಕಿನಲ್ಲಿ ಮಾತ್ರ ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಾರೀಖು, ಗಂಟೆ, ಜಾಗದ ಸಮೇತ ದಾಖಲಾಗಿದೆ. ಆ ವೀಕ್ಷಕರ ಪ್ರಶ್ನೆಗೆ ಉತ್ತರ ಅಲ್ಲಿತ್ತು. ತಡವಾಗಿ ಕೊಡ್ತಿದ್ದೇನೆ, ಕ್ಷಮಿಸಿ.