ದ್ಯುತಿಸಂಶ್ಲೇಷಣೆ: ಮಲೆನಾಡಿನ ಹಸಿರು ಅನ್ನವಾಗುವ ಬಗೆ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಕವಲೇದುರ್ಗವು ಕೆಳದಿ ಅರಸರ ಕಾಲದ ಪ್ರಸಿದ್ಧ ಕೋಟೆ. ಮಳೆಗಾಲ ಆರಂಭವಾದ ಕೆಲವೇ ವಾರಗಳಲ್ಲಿ ಇಲ್ಲಿನ ಕಲ್ಲುಗೋಡೆಗಳ ಮೇಲೆ ಹಾವಸೆಯೂ ಜರೀಗಿಡಗಳೂ ಹಬ್ಬಿ, ಬಂಡೆಯೇ ಚಿಗುರಿದಂತೆ ತೋರುತ್ತದೆ. ಹಿಡಿ ಮಣ್ಣೂ ಇಲ್ಲದ ಕಲ್ಲಿನ ಮೇಲೆ ಬದುಕುವ ಈ ಕಿರುಸಸ್ಯಗಳಿಗೂ, ಕೆಳಗಿನ ಕಣಿವೆಯಲ್ಲಿ ಎತ್ತರಕ್ಕೆ ಬೆಳೆದು ನಿಂತ ಅಡಿಕೆ ಮರಗಳಿಗೂ ಆಹಾರ ಸಿದ್ಧವಾಗುವ ಕ್ರಮ ಒಂದೇ. ಬೆಳಕಿನ ಶಕ್ತಿಯಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಪರಿವರ್ತಿಸುವ ಈ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎಂದು ಹೆಸರು.

ಸಸ್ಯದ ಹಸಿರು ಭಾಗಗಳು ಬೆಳಕಿದ್ದಾಗ ಮಾತ್ರ ಆಮ್ಲಜನಕವನ್ನು ಹೊರಬಿಡುತ್ತವೆ ಎಂಬುದನ್ನು 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ತೋರಿಸಿಕೊಟ್ಟನು. ಒಟ್ಟಾರೆ ಲೆಕ್ಕ ಸರಳವಾದುದು: ಇಂಗಾಲದ ಡೈಆಕ್ಸೈಡಿನ 6 ಅಣುಗಳು ಮತ್ತು ನೀರಿನ 6 ಅಣುಗಳು ಸೇರಿ ಗ್ಲೂಕೋಸಿನ 1 ಅಣುವೂ ಆಮ್ಲಜನಕದ 6 ಅಣುಗಳೂ ಉಂಟಾಗುತ್ತವೆ. ನೀರು ಬೇರಿನ ಮೂಲಕವೂ, ಇಂಗಾಲದ ಡೈಆಕ್ಸೈಡು ಎಲೆಯ ಪತ್ರರಂಧ್ರಗಳ ಮೂಲಕವೂ ಒಳಬರುತ್ತವೆ. ಹಾವಸೆಗೆ ನಿಜವಾದ ಬೇರಿಲ್ಲದುದರಿಂದ ಅದು ಮೈಯಿಂದಲೇ ನೀರು ಹೀರುತ್ತದೆ. ಬೇಸಿಗೆಯಲ್ಲಿ ಅದು ಒಣಗಿ ಕಂದುಬಣ್ಣಕ್ಕೆ ತಿರುಗಲು ಇದೇ ಕಾರಣ.

ಕ್ಲೋರೋಪ್ಲಾಸ್ಟಿನ ರಚನೆ

ಈ ಕಾರ್ಯವೆಲ್ಲ ನಡೆಯುವುದು ಎಲೆಯ ಜೀವಕೋಶಗಳಲ್ಲಿರುವ ಕ್ಲೋರೋಪ್ಲಾಸ್ಟ್ ಎಂಬ ಕಣಗಳಲ್ಲಿ. ಇವುಗಳ ಉದ್ದ ಸುಮಾರು 5ರಿಂದ 10 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಹೆಚ್ಚಲ್ಲ. ಎರಡು ಪದರಗಳ ಹೊದಿಕೆಯೊಳಗೆ ಸ್ಟ್ರೋಮಾ ಎಂಬ ದ್ರವವಿದೆ. ಅದರಲ್ಲಿ ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳು ನಾಣ್ಯಗಳನ್ನು ಪೇರಿಸಿದಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಇಂತಹ ಪೇರಿಕೆಗಳಿಗೆ ಗ್ರಾನಾ ಎನ್ನುತ್ತಾರೆ.

ಥೈಲಕಾಯ್ಡಿನ ಪೊರೆಯಲ್ಲಿ ಪತ್ರಹರಿತ್ತು ಇರುತ್ತದೆ. ಅದರ ಅಣುವಿನ ನಡುವೆ ಮೆಗ್ನೀಸಿಯಂ ಪರಮಾಣುವೊಂದು ನೆಲೆಸಿದೆ. ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿ ಹಸಿರನ್ನು ಕಡಿಮೆ ಹೀರುವುದರಿಂದ ಎಲೆ ನಮಗೆ ಹಸಿರಾಗಿ ಕಾಣುತ್ತದೆ. ಕ್ಲೋರೋಪ್ಲಾಸ್ಟಿಗೆ ತನ್ನದೇ ಆದ ಡಿಎನ್‌ಎ ಇರುವುದು ಮತ್ತೊಂದು ವಿಶೇಷ. ಬಹುಹಿಂದೆ ಬೇರೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿದುಹೋದ ಸಯನೋಬ್ಯಾಕ್ಟೀರಿಯಾದ ಸಂತತಿ ಇದೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ.

ಎರಡು ಹಂತಗಳು

ಮೊದಲ ಹಂತ ಥೈಲಕಾಯ್ಡಿನಲ್ಲಿ ನಡೆಯುತ್ತದೆ. ಬೆಳಕು ಬಿದ್ದೊಡನೆ ಪತ್ರಹರಿತ್ತಿನ ಇಲೆಕ್ಟ್ರಾನುಗಳು ಚಿಮ್ಮಿ ಒಂದು ಅಣುವಿನಿಂದ ಇನ್ನೊಂದಕ್ಕೆ ಸಾಗುತ್ತವೆ. ಅವುಗಳ ಸ್ಥಾನ ತುಂಬಲು ನೀರಿನ ಅಣು ಒಡೆಯುತ್ತದೆ. ನಾವು ಉಸಿರಾಡುವ ಆಮ್ಲಜನಕ ಬರುವುದು ಇಂಗಾಲದ ಡೈಆಕ್ಸೈಡಿನಿಂದಲ್ಲ, ಈ ನೀರಿನಿಂದ. 1941ರಲ್ಲಿ ರೂಬೆನ್, ಕೇಮೆನ್ ಮತ್ತು ಸಂಗಡಿಗರು ಆಮ್ಲಜನಕದ ಭಾರವಾದ ಐಸೋಟೋಪನ್ನು ಬಳಸಿ ಇದನ್ನು ತೋರಿಸಿದರು.

ಇದೇ ವೇಳೆ ಥೈಲಕಾಯ್ಡಿನೊಳಗೆ ಪ್ರೋಟಾನುಗಳು ಶೇಖರವಾಗುತ್ತವೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಡೆದ ಶರಾವತಿಯ ನೀರು ಕೆಳಗಿಳಿಯುವಾಗ ಟರ್ಬೈನನ್ನು ತಿರುಗಿಸುವಂತೆ, ಈ ಪ್ರೋಟಾನುಗಳು ಹೊರಹರಿಯುವಾಗ ಒಂದು ಕಿಣ್ವವನ್ನು ತಿರುಗಿಸಿ ಎಟಿಪಿ ಎಂಬ ಶಕ್ತಿವಾಹಕವನ್ನು ತಯಾರಿಸುತ್ತವೆ. ಇಲೆಕ್ಟ್ರಾನುಗಳು ಕೊನೆಗೆ ಎನ್‌ಎಡಿಪಿಎಚ್ ಎಂಬ ಇನ್ನೊಂದು ವಾಹಕವನ್ನು ಸೇರುತ್ತವೆ.

ಎರಡನೆಯ ಹಂತ ಸ್ಟ್ರೋಮಾದಲ್ಲಿ ಜರುಗುತ್ತದೆ. ರುಬಿಸ್ಕೋ ಎಂಬ ಕಿಣ್ವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಐದು ಇಂಗಾಲಗಳುಳ್ಳ ಸಕ್ಕರೆಯೊಂದಿಗೆ ಜೋಡಿಸುತ್ತದೆ. ಎಟಿಪಿ ಮತ್ತು ಎನ್‌ಎಡಿಪಿಎಚ್‌ಗಳ ಶಕ್ತಿಯಿಂದ ಹೊಸ ಸಕ್ಕರೆ ರೂಪುಗೊಳ್ಳುತ್ತದೆ. ಈ ಚಕ್ರವನ್ನು ಬಿಡಿಸಿ ತೋರಿಸಿದ ಮೆಲ್ವಿನ್ ಕ್ಯಾಲ್ವಿನ್‌ಗೆ 1961ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಇದನ್ನು ಕತ್ತಲ ಕ್ರಿಯೆ ಎಂದು ಕರೆಯುವುದು ರೂಢಿ. ಆದರೆ ಇದು ರಾತ್ರಿ ನಡೆಯುವಂಥದ್ದಲ್ಲ. ಮೊದಲ ಹಂತದ ಸರಕನ್ನೇ ನೆಚ್ಚಿಕೊಂಡು ಹಗಲಿನಲ್ಲೇ ಸಾಗುತ್ತದೆ.

ನೆರಳಿನ ಗಿಡಗಳ ಹೊಂದಾಣಿಕೆ

ದಟ್ಟ ಕಾಡಿನ ನೆಲಕ್ಕೆ ತಲುಪುವುದು ಮೇಲಿನ ಎಲೆಗಳು ಬಳಸಿ ಉಳಿಸಿದ ಅಲ್ಪ ಬೆಳಕು. ಅದಕ್ಕೆ ಒಗ್ಗಿದ ಸಸ್ಯಗಳ ಎಲೆ ಸಾಮಾನ್ಯವಾಗಿ ತೆಳುವಾಗಿ ಅಗಲವಾಗಿರುತ್ತದೆ. ಕ್ಲೋರೋಪ್ಲಾಸ್ಟಿನಲ್ಲಿ ಗ್ರಾನಾದ ಪೇರಿಕೆ ಎತ್ತರವಾಗಿರುತ್ತದೆ. ಅಡಿಕೆಯ ನೆರಳಿನಲ್ಲಿ ಏಲಕ್ಕಿ ಬದುಕುವುದು ಇಂತಹ ಹೊಂದಾಣಿಕೆಯಿಂದಲೇ.

ಎಲೆ ಕೆಟ್ಟರೆ ಬೆಳೆ ಕೆಟ್ಟಂತೆ

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಬೆಳೆಗಾರರಿಗೆ ಇದು ಬರಿಯ ಪಠ್ಯಪುಸ್ತಕದ ವಿಷಯವಲ್ಲ. 2022ರಲ್ಲಿ ಮಲೆನಾಡಿನ ತೋಟಗಳಲ್ಲಿ ವ್ಯಾಪಕವಾಗಿ ಹರಡಿದ ಅಡಿಕೆಯ ಎಲೆಚುಕ್ಕೆ ರೋಗವು ಶಿಲೀಂಧ್ರದಿಂದ ಬರುವಂಥದು. ಚುಕ್ಕೆ ಬಿದ್ದೆಡೆ ಜೀವಕೋಶಗಳು ಸತ್ತು, ಅವುಗಳೊಂದಿಗೆ ಕ್ಲೋರೋಪ್ಲಾಸ್ಟುಗಳೂ ನಾಶವಾಗುತ್ತವೆ. ಚುಕ್ಕೆಗಳು ಕೂಡಿಕೊಂಡಾಗ ಇಡೀ ಸೋಗೆಯೇ ಒಣಗುತ್ತದೆ. ಬೆಳೆದ ಅಡಿಕೆ ಮರದಲ್ಲಿ ಒಮ್ಮೆಗೆ ಇರುವುದು ಸುಮಾರು 7ರಿಂದ 12 ಸೋಗೆಗಳಷ್ಟೆ. ಅವುಗಳಲ್ಲಿ ನಾಲ್ಕು ಒಣಗಿದರೂ ಮರದ ಆಹಾರೋತ್ಪಾದನೆಯ ಗಣನೀಯ ಪಾಲು ನಿಂತಂತೆ. ಹಿಂಗಾರ ಹೊಮ್ಮುವುದೂ ಸೋಗೆಯ ಕಂಕುಳಿನಿಂದಲೇ ಆದುದರಿಂದ, ನಷ್ಟ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ.

ಎಲೆ ಹಳದಿಯಾದುದನ್ನೆಲ್ಲ ಒಂದೇ ರೋಗವೆಂದು ಬಗೆಯುವುದೂ ತಪ್ಪು. ಭಾರೀ ಮಳೆಗೆ ಮಲೆನಾಡಿನ ಹುಳಿಮಣ್ಣಿನಿಂದ ಮೆಗ್ನೀಸಿಯಂ ತೊಳೆದುಹೋದರೆ ಪತ್ರಹರಿತ್ತು ಕುಂದಿ, ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಾದರೆ ಮೊದಲು ಬಿಳಚುವುದು ಎಳೆಯ ಎಲೆ. ಶೃಂಗೇರಿ, ಕೊಪ್ಪ, ಸುಳ್ಯ ಭಾಗಗಳನ್ನು ಕಾಡಿರುವ ಹಳದಿ ಎಲೆ ರೋಗದಲ್ಲಾದರೋ, ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಸಕ್ಕರೆ ಸಾಗಿಸುವ ನಾಳಗಳಲ್ಲೇ ನೆಲೆಸುತ್ತದೆ. ಮೊದಲೆರಡಕ್ಕೆ ಪೋಷಕಾಂಶದಿಂದ ಪರಿಹಾರವುಂಟು. ಮೂರನೆಯದನ್ನು ವಾಸಿಮಾಡುವ ಔಷಧಿ ಇಲ್ಲ. ಆದಕಾರಣ ಗೊಬ್ಬರಕ್ಕೋ ಸಿಂಪಡಣೆಗೋ ಹಣ ಸುರಿಯುವ ಮೊದಲು ಮಣ್ಣು ಮತ್ತು ಎಲೆಯ ಪರೀಕ್ಷೆ ಮಾಡಿಸಿ, ಕೆಟ್ಟಿರುವುದು ಬೆಳಕು ಹಿಡಿಯುವ ಪತ್ರಹರಿತ್ತೋ, ಎಲೆಯ ಕೋಶವೋ, ಸಕ್ಕರೆ ಸಾಗುವ ದಾರಿಯೋ ಎಂಬುದನ್ನು ತಿಳಿದುಕೊಳ್ಳುವುದು ಲೇಸು.