ಹತ್ತು ಕೌಶಲ, ಒಂದು ಪೀರಿಯಡ್

ತನ್ನನ್ನು ತಾನು ಅರಿಯುವುದು, ಪರರ ನೋವಿಗೆ ಮಿಡಿಯುವುದು, ವಿಮರ್ಶಿಸಿ ಯೋಚಿಸುವುದು, ಹೊಸ ದಾರಿ ಹುಡುಕುವುದು, ನಿರ್ಧಾರಕ್ಕೆ ಬರುವುದು, ಸಮಸ್ಯೆ ಬಿಡಿಸುವುದು, ಮನಸ್ಸಿನಲ್ಲಿರುವುದನ್ನು ಸರಿಯಾಗಿ ಹೇಳುವುದು, ಸಂಬಂಧ ಉಳಿಸಿಕೊಳ್ಳುವುದು, ಭಾವನೆಗಳನ್ನು ನಿಭಾಯಿಸುವುದು, ಒತ್ತಡ ತಾಳುವುದು. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಹೆಸರಿಸಿದ ಈ ಹತ್ತು ಜೀವನ ಕೌಶಲಗಳನ್ನು ನಮ್ಮ ಬಿ.ಇಡಿ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರು ಹೊಡೆಯುತ್ತಾರೆ. ಉರು ಹೊಡೆದು ಕಲಿಯಲು ಬಾರದ ಸಂಗತಿಗಳು ಇವೆಂದೇ ಆ ಪಟ್ಟಿ ಹುಟ್ಟಿದ್ದು. ಈ ಕ್ಷೇತ್ರದಲ್ಲಿ ಏನು ಕಲಿಸಬೇಕು ಎಂಬ ಬಗ್ಗೆ ಜಗಳ ಬೇಕಾದಷ್ಟು ನಡೆದಿದೆ. ಯಾರು ಕಲಿಸಬೇಕು ಎಂಬ ಪ್ರಶ್ನೆ ಮಾತ್ರ ಬಹಳ ತಡವಾಗಿ ಎದ್ದಿತು.

ಮೊದಲು ಶಾಲೆಗೆ ಬಂದದ್ದು ಪಾಠವಲ್ಲ, ತಪಾಸಣೆ. 1909ರಲ್ಲಿ ಬರೋಡಾ ನಗರದ ಶಾಲಾ ಮಕ್ಕಳ ವೈದ್ಯಕೀಯ ಪರೀಕ್ಷೆ ನಡೆಯಿತು. ಭಾರತದ ಶಾಲಾ ಆರೋಗ್ಯ ಸೇವೆಯ ಲೆಕ್ಕ ಅಲ್ಲಿಂದಲೇ ಶುರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಭೋರ್ ಸಮಿತಿ, 1960ರಲ್ಲಿ ರೇಣುಕಾ ರೇ ಸಮಿತಿ ಈ ಸೇವೆಯ ಬಗ್ಗೆ ಚಿಂತಿಸಿದವು. ಹಲ್ಲು, ಕಣ್ಣು, ತೂಕ, ಜಂತುಹುಳು: ಮಗುವಿನ ದೇಹ ದಾಖಲೆಗೆ ಸೇರಿತು, ಮನಸ್ಸು ಹೊರಗೇ ಉಳಿಯಿತು. ಪಠ್ಯಪುಸ್ತಕದ ಆರೋಗ್ಯ ಪಾಠವೂ ಉಗುರು ಕತ್ತರಿಸುವ ಉಪದೇಶವನ್ನು ದಾಟಲಿಲ್ಲ. ಕನ್ನಡದಲ್ಲಿ ಆ ಕೊರತೆಯನ್ನು ಒಂದಿಷ್ಟಾದರೂ ತುಂಬಿದವರು ಶಾಲೆಯ ಹೊರಗಿನ ವೈದ್ಯ ಲೇಖಕರು. ಡಾ. ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’ ಹರೆಯದ ಹುಡುಗಿಯರನ್ನು ನೇರವಾಗಿ ಮಾತಾಡಿಸಿತು. ಮನೋರೋಗಗಳ ಬಗ್ಗೆ ಡಾ. ಸಿ.ಆರ್. ಚಂದ್ರಶೇಖರ್ ಸಾಲುಸಾಲಾಗಿ ಪುಸ್ತಕ ಬರೆದರು. ತರಗತಿಯಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತಿಗೆ ಲೈಬ್ರರಿಯ ಕಪಾಟಿನಲ್ಲಿ ಜಾಗ ಸಿಕ್ಕಿತ್ತು.

ಅಮೆರಿಕದಲ್ಲಿ ಬದಲಾವಣೆ ಬಂದದ್ದು ಸಿಗರೇಟಿನ ನೆಪದಿಂದ. ಶ್ವಾಸಕೋಶದ ಕಪ್ಪು ಚಿತ್ರ ತೋರಿಸಿ ಹೆದರಿಸಿದರೂ ಮಕ್ಕಳು ಸೇದುವುದನ್ನು ಬಿಡಲಿಲ್ಲ. ಹ್ಯೂಸ್ಟನ್ನಿನ ಮನೋವಿಜ್ಞಾನಿ ರಿಚರ್ಡ್ ಇವಾನ್ಸ್ 1970ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಅಪಾಯ ಗೊತ್ತಿಲ್ಲದೆ ಮಕ್ಕಳು ಸೇದುವುದಿಲ್ಲ, ಗೆಳೆಯನಿಗೆ ‘ಬೇಡ’ ಎನ್ನಲು ಬಾರದೆ ಸೇದುತ್ತಾರೆ. ಹಾಗಾಗಿ ಆ ‘ಬೇಡ’ವನ್ನೇ ಅಭ್ಯಾಸ ಮಾಡಿಸಬೇಕು ಎಂಬುದು ಅವರ ವಾದ. ನ್ಯೂಯಾರ್ಕಿನ ಗಿಲ್ಬರ್ಟ್ ಬಾಟ್ವಿನ್ ಇದಕ್ಕೆ ಆತ್ಮವಿಶ್ವಾಸ, ನಿರ್ಧಾರ, ಒತ್ತಡ ನಿರ್ವಹಣೆಗಳನ್ನು ಜೋಡಿಸಿ ಪೂರ್ಣ ಪಠ್ಯಕ್ರಮ ಕಟ್ಟಿದರು. 56 ಶಾಲೆಗಳಲ್ಲಿ ನಡೆಸಿ, ಮಕ್ಕಳು 12ನೇ ತರಗತಿಗೆ ಬರುವವರೆಗೂ ಹಿಂಬಾಲಿಸಿದ ಅವರ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಒಳ್ಳೆಯ ಫಲ ಎದ್ದು ಕಂಡದ್ದು ಪಾಠಗಳ ಬಹುಪಾಲು ನಿಜವಾಗಿ ನಡೆದಿದ್ದ ತರಗತಿಗಳಲ್ಲಿ. ಅರ್ಧಂಬರ್ಧ ನಡೆದ ಕಡೆ ಅಂಥ ಫಲವಿಲ್ಲ. ಅದೇ ಕಾಲದಲ್ಲಿ ಲಾಸ್ ಏಂಜಲೀಸಿನಲ್ಲಿ 1983ರಲ್ಲಿ ಶುರುವಾದ ‘ಡೇರ್’ ಎಂಬ ಕಾರ್ಯಕ್ರಮ ಪೊಲೀಸರನ್ನೇ ಮೇಷ್ಟ್ರಾಗಿಸಿ ದೇಶವಿಡೀ ಹಬ್ಬಿತು. 1990ರ ದಶಕದ ಮೌಲ್ಯಮಾಪನಗಳು ಅದರಿಂದ ಮಾದಕ ವ್ಯಸನ ಹೇಳಿಕೊಳ್ಳುವಷ್ಟು ತಗ್ಗಲಿಲ್ಲವೆಂದು ಮತ್ತೆ ಮತ್ತೆ ತೋರಿಸಿದವು. ಅದರ ಜನಪ್ರಿಯತೆ ಮಾತ್ರ ಬಹುಕಾಲ ಕುಗ್ಗಲಿಲ್ಲ. ಸಮವಸ್ತ್ರದ ಅತಿಥಿ ಬಂದು ಭಾಷಣ ಬಿಗಿದು, ಫೋಟೋ ತೆಗೆಸಿಕೊಂಡು ಹೋಗುವ ಕಾರ್ಯಕ್ರಮ ನಮ್ಮಲ್ಲೂ ಯಾವ ಹೆಡ್‌ಮಾಸ್ಟರಿಗೆ ಬೇಡ?

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಈ ಅನುಭವಗಳ ನಡುವೆಯೇ ಬಂತು. ತಂಬಾಕಿಗೊಂದು, ಏಡ್ಸ್‌ಗೊಂದು, ಹಿಂಸೆಗೊಂದು ಎಂದು ಬಿಡಿಬಿಡಿ ಪಾಠ ಮಾಡುವ ಬದಲು, ಎಲ್ಲಕ್ಕೂ ಆಧಾರವಾದ ಸಾಮರ್ಥ್ಯವನ್ನೇ ಬೆಳೆಸುವುದು ಅದರ ಆಶಯ.

ಭಾರತದಲ್ಲಿ ಈ ಆಶಯ ಬೇರೊಂದು ಬಾಗಿಲಿಂದ ಬಂತು. 1980ರಲ್ಲಿ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆ ಶುರುವಾಯಿತು. ಏಡ್ಸ್ ಭೀತಿ ಹಬ್ಬಿದಾಗ ಹದಿಹರೆಯದ ಶಿಕ್ಷಣವೂ ಅದರ ಜೊತೆಗೂಡಿತು. 2005ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಪ್ರೌಢಶಾಲೆಗಳಿಗೆ ಒಯ್ದವು. ಕೈಪಿಡಿಯಲ್ಲಿದ್ದ ದೇಹದ ಚಿತ್ರಗಳೇ ವಿವಾದದ ಕೇಂದ್ರವಾದವು. 2007ರಲ್ಲಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳಂತೆ ಕರ್ನಾಟಕವೂ ಅದನ್ನು ತಡೆಹಿಡಿಯಿತು. ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿಗಳ ಸಮಿತಿ 2009ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು ವರದಿ ಕೊಟ್ಟಿತು. ಆಮೇಲೆ ಕೈಪಿಡಿಗಳು ತಿದ್ದುಪಡಿಯಾದವು, ಚಿತ್ರಗಳು ಹೋದವು, ಜೀವನ ಕೌಶಲದ ಚಟುವಟಿಕೆಗಳು ಮುಂದಕ್ಕೆ ಬಂದವು. ಶಾಲೆಯ ಗೇಟು ಮತ್ತೆ ತೆರೆದದ್ದು ಹೀಗೆ. ಇದನ್ನು ಜಾಣತನವೆನ್ನುವವರಿದ್ದಾರೆ, ನನಗೆ ಅರ್ಧ ಸೋಲಿನಂತೆಯೂ ಕಾಣುತ್ತದೆ. ನಿರ್ಧಾರ ತೆಗೆದುಕೊಳ್ಳುವುದನ್ನು ಕಲಿಸುತ್ತೇವೆ, ಯಾವುದರ ಬಗ್ಗೆ ನಿರ್ಧರಿಸಬೇಕೆಂದು ಹೇಳುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂಥ ಹುಡುಗಿಗೆ ಬೇಕಾದದ್ದು ಮಾತನಾಡುವ ಧೈರ್ಯವೂ ಹೌದು, ತನ್ನ ದೇಹ ಮತ್ತು ಕಾನೂನಿನ ಅರಿವೂ ಹೌದು.

ಈ ಗದ್ದಲದ ನಡುವೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಣ್ಣಗೆ ಒಂದು ಕೆಲಸ ನಡೆದಿತ್ತು. ಮಾಳವಿಕಾ ಕಪೂರ್ ಮೊದಲಾದವರು ಶಾಲಾ ಮಾನಸಿಕ ಆರೋಗ್ಯದ ನೆಲ ಹದಮಾಡಿದ್ದರು. ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ ಪ್ರೌಢಶಾಲೆಗೆಂದೇ ಚಟುವಟಿಕೆಗಳ ಕೈಪಿಡಿ ರೂಪಿಸಿದರು. ಮನೋವೈದ್ಯರನ್ನು ಪ್ರತಿ ಶಾಲೆಗೆ ಕಳಿಸಲಾಗದ ದೇಶದಲ್ಲಿ ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸುವುದು ಅವರ ಲೆಕ್ಕಾಚಾರ. ಭಾಷಣವಿಲ್ಲ, ಗುಂಪುಚರ್ಚೆ, ಪಾತ್ರಾಭಿನಯ, ಆಟ. ಒಂದು ವರ್ಷದ ಬಳಿಕ ಎರಡು ಪ್ರೌಢಶಾಲೆಗಳ 605 ಮಕ್ಕಳನ್ನು, ಕಾರ್ಯಕ್ರಮವಿಲ್ಲದ ಹತ್ತಿರದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆತ್ಮಗೌರವ, ಕಷ್ಟ ನಿಭಾಯಿಸುವ ಬಲ, ಶಿಕ್ಷಕರೊಂದಿಗಿನ ಹೊಂದಾಣಿಕೆ ಇವೆಲ್ಲ ಕಾರ್ಯಕ್ರಮದ ಮಕ್ಕಳಲ್ಲಿ ಮೇಲಾಗಿದ್ದವು. ಮಾನಸಿಕ ತೊಂದರೆಗಳ ವಿಷಯದಲ್ಲಿ, ಮನೆಯವರ ಮತ್ತು ಓರಗೆಯವರ ಜೊತೆಗಿನ ಹೊಂದಾಣಿಕೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಾನು ಈ ಎರಡನೆಯ ಭಾಗವನ್ನು ಹೆಚ್ಚು ನಂಬುತ್ತೇನೆ. ಶಾಲೆಯಲ್ಲಿ ಕಲಿತದ್ದು ಶಾಲೆಯೊಳಗೆ ಮೊದಲು ಕಾಣುತ್ತದೆ, ಮನೆಯ ಹೊಸ್ತಿಲು ದಾಟಲು ಒಂದು ವರ್ಷ ಸಾಲದು.

ಶಿಕ್ಷಕರೇ ಕಲಿಸಬಲ್ಲರು ಎಂಬ ಈ ಭರವಸೆಗೆ ಬಿಹಾರದ ನಳಂದಾ ಜಿಲ್ಲೆಯಿಂದ ಪೆಟ್ಟು ಬಿತ್ತು. ‘ಸೆಹರ್’ ಹೆಸರಿನ ಪ್ರಯೋಗದಲ್ಲಿ 74 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ಹಂಚಿದರು. ಒಂದು ಗುಂಪಿನಲ್ಲಿ, ಮನೋವೈದ್ಯಕೀಯ ಪದವಿ ಇಲ್ಲದ ಸಾಮಾನ್ಯ ಆಪ್ತಸಲಹೆಗಾರರು ‘ಮಿತ್ರ’ರಾಗಿ ಶಾಲೆಯಲ್ಲೇ ಇದ್ದರು. ಇನ್ನೊಂದರಲ್ಲಿ ಅದೇ ಕೆಲಸವನ್ನು ತರಬೇತಾದ ಶಿಕ್ಷಕರು ಮಾಡಿದರು. ಮೂರನೆಯದು ಹೋಲಿಕೆಗೆ. ಗೋಡೆ ಪತ್ರಿಕೆ, ದೂರು-ದುಮ್ಮಾನ ಬರೆದು ಹಾಕುವ ಪೆಟ್ಟಿಗೆ, ಗುಂಪು ಸಭೆ, ಒಬ್ಬೊಬ್ಬರೊಂದಿಗೆ ಆಪ್ತಸಲಹೆ: ಎರಡೂ ಕಡೆ ಸಾಮಗ್ರಿ ಒಂದೇ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ: ಮಿತ್ರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತ್ತು, ಖಿನ್ನತೆ ಮತ್ತು ಪೀಡನೆ ತಗ್ಗಿತ್ತು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಅಂಥ ಪರಿಣಾಮವೇ ಇರಲಿಲ್ಲ.

ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಅಂಕ ಹಾಕುವವರು, ಹಾಜರಿ ಹಿಡಿಯುವವರು, ಅಪ್ಪನನ್ನು ಶಾಲೆಗೆ ಕರೆಸುವವರು ಅವರೇ. ಆ ಪೆಟ್ಟಿಗೆಯ ಬೀಗದ ಕೈ ಅವರ ಬಳಿಯೇ ಇದ್ದರೆ ಹುಡುಗನೊಬ್ಬ ಚೀಟಿ ಹಾಕುವ ಮೊದಲು ನೂರು ಸಲ ಯೋಚಿಸುತ್ತಾನೆ. ಹರಿಯಾಣದ 314 ಶಾಲೆಗಳ ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಲಿಂಗಸಮಾನತೆಯ ಪಾಠ ಮಾಡಿದವರು ‘ಬ್ರೇಕ್‌ಥ್ರೂ’ ಸಂಸ್ಥೆಯ ಹೊರಗಿನ ಕಾರ್ಯಕರ್ತರು, ಸುಮಾರು ಮೂರು ವಾರಕ್ಕೊಂದು ತರಗತಿ, ಎರಡೂವರೆ ವರ್ಷ. ಮಕ್ಕಳ ಧೋರಣೆ ಬದಲಾಯಿತು, ಹುಡುಗರು ಮನೆಗೆಲಸಕ್ಕೆ ಕೈಹಾಕುವುದೂ ಹೆಚ್ಚಿತು.

ಈ ಕೌಶಲಗಳನ್ನು ಅಳೆಯುವ ಯತ್ನಗಳ ಕಥೆ ಅಷ್ಟು ಉತ್ಸಾಹದ್ದಲ್ಲ. ಸಿಬಿಎಸ್‌ಇ 2009ರಲ್ಲಿ ನಿರಂತರ ಮೌಲ್ಯಮಾಪನದಡಿ ಜೀವನ ಕೌಶಲಕ್ಕೂ ಗ್ರೇಡು ಕೊಡಿಸಿ, 2017ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟಿತು. ಅನುಭೂತಿಗೆ ಎ ಪ್ಲಸ್ ಬರೆಯುವುದು ಹೇಗೆಂದು ತಿಳಿಯದೆ ಒದ್ದಾಡಿದ ಶಿಕ್ಷಕರ ಮೇಲೆ ನನಗೆ ಕನಿಕರವಿದೆ. ಬೆಂಗಳೂರಿನ ‘ಡ್ರೀಮ್ ಎ ಡ್ರೀಮ್’ ಸಂಸ್ಥೆ ಐದೇ ಅಂಶಗಳ, ಮಕ್ಕಳನ್ನು ಗಮನಿಸಿ ತುಂಬುವ ಸರಳ ಮಾಪಕವನ್ನು ಬಳಕೆಗೆ ತಂದಿತು. ದೆಹಲಿ ಸರ್ಕಾರದ 2018ರ ‘ಹ್ಯಾಪಿನೆಸ್’ ಪಠ್ಯಕ್ರಮದಲ್ಲೂ ಅದು ಕೈಜೋಡಿಸಿತ್ತು.

ಈಗ ಇರುವುದು 2020ರ ಫೆಬ್ರವರಿಯಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ. ಪೋಷಣೆಯಿಂದ ಮೊಬೈಲ್ ಬಳಕೆಯವರೆಗೆ 11 ವಿಷಯಗಳು. ಪ್ರಜನನ ಆರೋಗ್ಯವೂ ಪಟ್ಟಿಗೆ ಮರಳಿದೆ. ಶಾಲೆಗೆ ಇಬ್ಬರು ಶಿಕ್ಷಕರು ‘ಆರೋಗ್ಯ ರಾಯಭಾರಿ’ಗಳು, ಸಾಧ್ಯವಾದರೆ ಒಬ್ಬರು ಮೇಷ್ಟ್ರು, ಒಬ್ಬರು ಮೇಡಂ. ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ, ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆ ಇದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಹಿಂದೆ ಇರಲಿಲ್ಲ. ಆದರೆ ರಾಯಭಾರಿಗಳೆಂದರೆ ಮತ್ತೆ ಅದೇ ಶಿಕ್ಷಕರು; ಜನವರಿ ಬಂತೆಂದರೆ ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗೆ ಮೊದಲು ಬಲಿಯಾಗುವುದು ಪಿ.ಟಿ. ಮತ್ತು ಇಂಥ ಪೀರಿಯಡ್‌ಗಳೇ. ನಿಮ್ಹಾನ್ಸ್ ಮಾದರಿಯ ಶಿಕ್ಷಕರನ್ನು ಕೆಲವು ಶಾಲೆಗಳಲ್ಲಿ, ನಳಂದಾ ಮಾದರಿಯ ಮಿತ್ರರನ್ನು ಕೆಲವು ಶಾಲೆಗಳಲ್ಲಿ ಇಟ್ಟು, ರಾಯಚೂರು ಅಥವಾ ಚಾಮರಾಜನಗರದಂಥ ಒಂದೇ ಜಿಲ್ಲೆಯಲ್ಲಿ ಎರಡು ವರ್ಷ ಅಕ್ಕಪಕ್ಕ ನಡೆಸಿ ನೋಡುವುದು ಇಲಾಖೆಗೆ ದೊಡ್ಡ ಖರ್ಚಿನ ಬಾಬತ್ತಲ್ಲ. ಹೊಸ ಕೈಪಿಡಿ ಅಚ್ಚು ಹಾಕಿಸುವ ಮೊದಲು ಅದನ್ನು ಮಾಡಬಹುದು.